ಡಾರ್ವಿನ್ನನ ಕೊನೆಯ ವಾಕ್ಯಕ್ಕೆ ಗಿಟಾರಿನ ಗುಡುಗು

ಹೆವಿ ಮೆಟಲ್ ಆಲ್ಬಂ ಹೇಗೆ ಶುರುವಾಗಬೇಕು ಎಂಬುದಕ್ಕೆ ಒಂದು ಸಂಪ್ರದಾಯವೇ ಇದೆ. 1970ರಲ್ಲಿ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಮಳೆ, ಗುಡುಗು, ಚರ್ಚಿನ ಗಂಟೆಯ ಸದ್ದಿನಿಂದ ಆರಂಭವಾಗಿ ಕೇಳುಗರ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸಿತ್ತು. ಅಲ್ಲಿಂದೀಚೆಗೆ ಸೈತಾನ, ಸ್ಮಶಾನ, ಕತ್ತಿ ಹಿರಿದ ವೀರರು, ಬೆಂಕಿಯುಗುಳುವ ಡ್ರ್ಯಾಗನ್‌ಗಳು ಈ ಸಂಗೀತದ ಮನೆದೇವರುಗಳಾದರು. 2015ರ ಮಾರ್ಚ್ 27ರಂದು ಯುರೋಪಿನಲ್ಲಿ ಬಿಡುಗಡೆಯಾದ ಒಂದು ಆಲ್ಬಂ ಮಾತ್ರ ಪ್ರಾಧ್ಯಾಪಕರೊಬ್ಬರ ಮಾತಿನಿಂದ ಶುರುವಾಗುತ್ತದೆ. ತಗ್ಗಿದ ದನಿ, ತಿದ್ದಿ ತೀಡಿದ ಇಂಗ್ಲಿಷ್, ತರಗತಿಯಲ್ಲಿ ಪಾಠಕ್ಕೆ ಮೊದಲು ನಾಲ್ಕು ಮಾತು ಹೇಳುವ ಧಾಟಿ. ಅದು ‘ದ ಸೆಲ್ಫಿಶ್ ಜೀನ್’ ಬರೆದ ಆಕ್ಸ್‌ಫರ್ಡಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ ದನಿ. ಅವರಿಗೆ 74 ತುಂಬಿದ್ದು ಬಿಡುಗಡೆಯ ಹಿಂದಿನ ದಿನ.

ಬ್ಯಾಂಡಿನ ಹೆಸರು ನೈಟ್‌ವಿಶ್, ಊರು ಫಿನ್ಲೆಂಡ್. ಆಲ್ಬಮ್ಮಿನ ಹೆಸರು ‘ಎಂಡ್‌ಲೆಸ್ ಫಾರ್ಮ್ಸ್ ಮೋಸ್ಟ್ ಬ್ಯೂಟಿಫುಲ್’. ಇದು ಅವರ ಎಂಟನೆಯ ಸ್ಟುಡಿಯೊ ಆಲ್ಬಂ. ಹನ್ನೊಂದು ಹಾಡು, ಸುಮಾರು 78 ನಿಮಿಷ. ಒಂದು ಸಿ.ಡಿ. ಹೊರಬಲ್ಲಷ್ಟನ್ನೂ ಹೊರಿಸಿದ್ದಾರೆ. ವಿಷಯ ಜೀವವಿಕಾಸ. ಹತ್ತು ವರ್ಷದ ಮೇಲೂ ಈ ಆಲ್ಬಮ್ಮಿನ ಮಾತು ಬಂದಾಗಲೆಲ್ಲ ಮೊದಲು ಏಳುವುದು ಡಾಕಿನ್ಸ್ ಹೆಸರೇ. ಅದು ಸಹಜ, ಆದರೆ ನನ್ನ ಮಟ್ಟಿಗೆ ಅದು ಇಲ್ಲಿನ ದೊಡ್ಡ ಸಂಗತಿಯಲ್ಲ. ಹುಟ್ಟಿದಂದಿನಿಂದ ತನ್ನ ಗಾತ್ರಕ್ಕೆ ತಕ್ಕ ವಿಷಯ ಸಿಗದೆ ರಾಕ್ಷಸರ ಕಥೆಗಳನ್ನೇ ಹಾಡಿಕೊಂಡಿದ್ದ ಸಂಗೀತವೊಂದಕ್ಕೆ ಕೊನೆಗೂ ತನ್ನಷ್ಟೇ ಎತ್ತರದ ವಸ್ತು ದೊರಕಿತು ಎಂಬುದು ಅದಕ್ಕಿಂತ ದೊಡ್ಡದು.

ಫಿನ್ಲೆಂಡಿನ ಪೂರ್ವದ ಅಂಚಿನಲ್ಲಿ, ರಷ್ಯಾದ ಗಡಿಗೆ ಹತ್ತಿರ, ಉತ್ತರ ಕರೇಲಿಯಾ ಸೀಮೆಯಲ್ಲಿ ಕಿತೆ ಎಂಬ ಸಣ್ಣ ಪಟ್ಟಣವಿದೆ. ಸುತ್ತಲೂ ಕೆರೆ, ಕಾಡು. 1996ರ ಬೇಸಿಗೆಯ ಒಂದು ರಾತ್ರಿ ಗೆಳೆಯರ ಜೊತೆ ಬೆಂಕಿಯ ಮುಂದೆ ಕೂತಿದ್ದಾಗ ತುಓಮಸ್ ಹೊಲೊಪೈನೆನ್ ಎಂಬ ಯುವಕನಿಗೆ ಈ ಬ್ಯಾಂಡ್ ಕಟ್ಟುವ ಯೋಚನೆ ಹೊಳೆಯಿತಂತೆ. ಆಗ ಅವರ ಮನಸ್ಸಿನಲ್ಲಿದ್ದದ್ದು ಮೆದು ಗಿಟಾರು, ಕೀಬೋರ್ಡು, ಒಂದು ಹೆಣ್ಣು ದನಿ, ಅಷ್ಟೇ. ಗಿಟಾರಿಗೆ ಎಂಪ್ಪು ವುಓರಿನೆನ್ ಬಂದರು. ಶಾಸ್ತ್ರೀಯ ಹಾಡುಗಾರಿಕೆ ಕಲಿಯುತ್ತಿದ್ದ ತಾರ್ಯಾ ತುರುನೆನ್ ಬಂದರು. ಆಕೆಯ ಒಪೆರಾ ಕಂಠ ಮೆದು ಗಿಟಾರನ್ನು ನುಂಗಿಹಾಕುವಷ್ಟು ದೊಡ್ಡದಿತ್ತು. ಹಾಗಾಗಿ ಡ್ರಮ್ಸ್ ಬಂತು, ಗಿಟಾರಿಗೆ ಕರೆಂಟು ಬಂತು, ಮರುವರ್ಷ ಮೊದಲ ಆಲ್ಬಮ್ಮೂ ಬಂತು.

ಇಷ್ಟು ಸಣ್ಣ ಊರಿನಲ್ಲಿ ಒಪೆರಾ ಕಂಠ ಎಲ್ಲಿಂದ ಬಂತು ಎಂದು ಕೇಳಬಹುದು. ಫಿನ್ಲೆಂಡಿನಲ್ಲಿ ಸರ್ಕಾರದ ನೆರವಿನಿಂದ ನಡೆಯುವ ಸಂಗೀತ ಶಾಲೆಗಳು ಊರೂರಿಗೂ ಹಬ್ಬಿವೆ. ಚರ್ಚಿನಲ್ಲಿ ಹಾಡುವವರೂ ಗ್ಯಾರೇಜಿನಲ್ಲಿ ಗಿಟಾರು ಕಿರುಚಿಸುವವರೂ ಒಂದೇ ಬೆಂಚಿನಲ್ಲಿ ಸ್ವರಲಿಪಿ ಕಲಿತವರು. ತಲಾ ಲೆಕ್ಕದಲ್ಲಿ ಅತಿ ಹೆಚ್ಚು ಮೆಟಲ್ ಬ್ಯಾಂಡುಗಳಿರುವ ದೇಶ ಬಹುಶಃ ಇದೇ ಎಂದು 2016ರಲ್ಲಿ ಶ್ವೇತಭವನದ ಔತಣಕೂಟದಲ್ಲಿ ಒಬಾಮಾ ಕೂಡ ತಮಾಷೆ ಮಾಡಿದ್ದರು.

ನೈಟ್‌ವಿಶ್‌ನ ಗಾಯಕಿಯರ ಕಥೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಅದರ ಮೇಲೆ ಈಗಾಗಲೇ ಬೇಕಾದಷ್ಟು ಜಗಳ ಆಗಿದೆ. 2005ರ ಅಕ್ಟೋಬರಿನಲ್ಲಿ ಹೆಲ್ಸಿಂಕಿಯ ದೊಡ್ಡ ಕಛೇರಿ ಮುಗಿದ ಬೆನ್ನಿಗೇ ಬಹಿರಂಗ ಪತ್ರವೊಂದನ್ನು ಬರೆದು ತಾರ್ಯಾರನ್ನು ಹೊರಗೆ ಕಳಿಸಿದರು. ಆಮೇಲೆ ಬಂದ ಸ್ವೀಡನ್ನಿನ ಆನೆಟ್ ಓಲ್ಸನ್ 2012ರ ಅಮೆರಿಕ ಪ್ರವಾಸದ ನಡುವೆ ಹೊರನಡೆದರು. ಆ ತುರ್ತಿನಲ್ಲಿ ದಿಢೀರನೆ ವಿಮಾನ ಹತ್ತಿಬಂದು ವೇದಿಕೆ ಏರಿದವರು ನೆದರ್ಲೆಂಡ್ಸಿನ ಫ್ಲೋರ್ ಯಾನ್ಸೆನ್. ಮರುವರ್ಷ ಅವರೇ ಕಾಯಂ ಎಂದಾಯಿತು. ಫ್ಲೋರ್ ಸ್ಟುಡಿಯೊದಲ್ಲಿ ನೈಟ್‌ವಿಶ್ ಜೊತೆ ಹಾಡಿದ ಮೊದಲ ಆಲ್ಬಂ ನಾವು ಮಾತಾಡುತ್ತಿರುವ ಇದೇ.

ಈಗ ಸದ್ದಿನ ವಿಚಾರಕ್ಕೆ ಬರೋಣ. ಸಿಂಫನಿಕ್ ಮೆಟಲ್ ಎಂದರೆ ರಾಕ್ ಬ್ಯಾಂಡಿನ ಹಿಂದೆ ಪಿಟೀಲಿನವರನ್ನು ಸಾಲಾಗಿ ಕೂರಿಸುವುದು ಎಂದು ತುಂಬ ಜನ ತಿಳಿದಿದ್ದಾರೆ. ಆ ಕೆಲಸವನ್ನು ಡೀಪ್ ಪರ್ಪಲ್ 1969ರಲ್ಲೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮಾಡಿತ್ತು. ಮೆಟಾಲಿಕಾ 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆ ತನ್ನ ಹಳೆಯ ಹಾಡುಗಳನ್ನು ನುಡಿಸಿತ್ತು. ಎರಡರಲ್ಲೂ ಬ್ಯಾಂಡ್ ಬೇರೆ, ವಾದ್ಯವೃಂದ ಬೇರೆ. ಮದುವೆ ಮನೆಯಲ್ಲಿ ಎರಡು ಕಡೆಯ ಬೀಗರು ಎದುರುಬದುರು ಕೂತಂತೆ ಅವು ಮರ್ಯಾದೆಯಿಂದ ಸರದಿಯ ಮೇಲೆ ಮಾತಾಡುತ್ತವೆ. ನೈಟ್‌ವಿಶ್ ಮಾದರಿಯಲ್ಲಿ ಹಾಡು ಹುಟ್ಟುವಾಗಲೇ ಕಹಳೆ ಎಲ್ಲಿ ಏಳಬೇಕು, ಕೋರಸ್ ಎಲ್ಲಿ ಒದಗಬೇಕು ಎಂಬುದು ನಿಶ್ಚಯವಾಗಿರುತ್ತದೆ. ವಾದ್ಯವೃಂದವನ್ನು ತೆಗೆದುಬಿಟ್ಟರೆ ಹಾಡು ಕುಂಟುತ್ತದೆ.

ಇದರ ಹಿಂದೆ ಒಂದಿಷ್ಟು ಭೌತಶಾಸ್ತ್ರವೂ ಇದೆ. ಮೆಟಲ್ ಗಿಟಾರಿನ ಆ ಕರಕರ ಸದ್ದು ಬರುವುದು ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸುವುದರಿಂದ. ಅದು ತಾಳಲಾರದೆ ಧ್ವನಿ ಅಲೆಯ ನೆತ್ತಿಯನ್ನು ಕತ್ತರಿಸಿಬಿಡುತ್ತದೆ. ಹಾಗೆ ನೆತ್ತಿ ಬೋಳಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಲೆಕ್ಕವಿಲ್ಲದಷ್ಟು ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಆ ಉಪಸ್ವರಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ. ಷಡ್ಜ-ಪಂಚಮ ಸೇರಿದರೆ ತೊಂದರೆಯಿಲ್ಲ, ಸದ್ದು ದಪ್ಪವಾಗಿ ಶುದ್ಧವಾಗಿ ನಿಲ್ಲುತ್ತದೆ. ನಡುವೆ ಗಾಂಧಾರ ಬೆರೆಸಿದರೆ ಕೆಸರಾಗುತ್ತದೆ. ಆದ್ದರಿಂದಲೇ ಮೆಟಲ್ ಗಿಟಾರು ಹೆಚ್ಚಾಗಿ ‘ಸ-ಪ’ ಜೋಡಿಯಲ್ಲೇ ಓಡಾಡುವುದು. ಹಾಡು ಹರ್ಷದ್ದೋ ವಿಷಾದದ್ದೋ ಎಂದು ತಿಳಿಸುವ ಗಾಂಧಾರ ಅಲ್ಲಿ ಖಾಲಿಯೇ ಉಳಿದಿರುತ್ತದೆ. ಸಿಂಫನಿಕ್ ಮೆಟಲ್‌ನ ಗುಟ್ಟು ಆ ಖಾಲಿ ಜಾಗದಲ್ಲಿದೆ. ಗಿಟಾರು ನೆಲ ಹಾಕುತ್ತದೆ, ಭಾವ ತುಂಬುವ ಸ್ವರಗಳನ್ನು ಪಿಟೀಲು, ಕಹಳೆ, ಕೋರಸ್ ಹೊತ್ತು ತರುತ್ತವೆ.

ಹಾಗೆಂದು ಎಲ್ಲವೂ ಸಲೀಸಲ್ಲ. ಗಿಟಾರಿನ ಉಪಸ್ವರಗಳು ಹರಡಿಕೊಳ್ಳುವ ಮಧ್ಯ ಶ್ರೇಣಿಯಲ್ಲೇ ಚೆಲ್ಲೊ, ವಿಯೋಲಾಗಳ ಮನೆಯೂ ಇದೆ. ಅವು ಎಷ್ಟು ಉಜ್ಜಿದರೂ ಕೇಳಿಸುವುದಿಲ್ಲ. ಹಾಗಾಗಿ ವಾದ್ಯ ಸಂಯೋಜಕ ಮೇಲಿನ ಪಿಟೀಲು, ಹಿತ್ತಾಳೆಯ ಕಹಳೆ, ಮನುಷ್ಯ ಕಂಠ ಇವನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ. ನೈಟ್‌ವಿಶ್‌ಗೆ 2004ರ ‘ಒನ್ಸ್’ ಆಲ್ಬಮ್ಮಿನಿಂದ ಈ ಕೆಲಸ ಮಾಡಿಕೊಟ್ಟವರು ಬ್ರಿಟನ್ನಿನ ಪಿಪ್ ವಿಲಿಯಮ್ಸ್. ಮೂಡಿ ಬ್ಲೂಸ್, ಸ್ಟೇಟಸ್ ಕ್ವೊ ಬ್ಯಾಂಡುಗಳ ಕಾಲದಿಂದ ರಾಕ್ ಸಂಗೀತದಲ್ಲಿ ಪಳಗಿದ ಕೈ. ಬ್ಯಾಂಡಿನವರು 2014ರ ಬೇಸಿಗೆಯಲ್ಲಿ ಕಿತೆಯ ಬಳಿ ಒಂದು ಶಿಬಿರ ತಾಣದಲ್ಲಿ ಠಿಕಾಣಿ ಹೂಡಿ ತಮ್ಮ ಭಾಗಗಳನ್ನು ಹದಮಾಡಿಕೊಂಡರು. ವಾದ್ಯವೃಂದ, ಕೋರಸ್‌ಗಳ ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಏಂಜಲ್ ಸ್ಟುಡಿಯೊದಲ್ಲಿ. ಆ ಕಟ್ಟಡ ಹತ್ತೊಂಬತ್ತನೆಯ ಶತಮಾನದ ಪ್ರಾರ್ಥನಾ ಮಂದಿರ. ಡಾರ್ವಿನ್ನನಿಗೆ ಸಲ್ಲಿಸಿದ ಈ ಆರಾಧನೆಗೆ ಮೇಳಗಾಯನ ಒದಗಿದ್ದು ಒಂದು ಹಳೆಯ ಚರ್ಚಿನ ಚಾವಣಿಯ ಕೆಳಗೆ. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ಚೆನ್ನಾಗಿದೆ.

ಆಲ್ಬಮ್ಮಿನ ಹೆಸರು ಬಂದದ್ದು ಡಾರ್ವಿನ್ 1859ರ ನವೆಂಬರಿನಲ್ಲಿ ಪ್ರಕಟಿಸಿದ ‘ಆನ್ ದಿ ಆರಿಜಿನ್ ಆಫ್ ಸ್ಪೀಶೀಸ್’ ಗ್ರಂಥದ ಕಟ್ಟಕಡೆಯ ವಾಕ್ಯದಿಂದ. ಐನೂರು ಪುಟಗಳಿಗೆ ಹತ್ತಿರ ಹತ್ತಿರ ಪಾರಿವಾಳದ ತಳಿ, ಜೇನುಗೂಡು, ಬಂಡೆಯೊಳಗಿನ ಪಳೆಯುಳಿಕೆ ಎಂದು ವಕೀಲನ ಹಾಗೆ ಸಾಕ್ಷ್ಯ ಮಂಡಿಸಿದ ಮೇಲೆ ಡಾರ್ವಿನ್ ಕೊನೆಯಲ್ಲಿ ಕವಿಯಾಗುತ್ತಾನೆ. ಗಿಡ, ಹಕ್ಕಿ, ಹುಳ ಎಲ್ಲ ಹೆಣೆದುಕೊಂಡ ಒಂದು ದಿಬ್ಬವನ್ನು ತೋರಿಸಿ, ಇಷ್ಟು ಸರಳವಾದ ಆರಂಭದಿಂದ ಇಷ್ಟೊಂದು ಸೊಗಸಿನ ರೂಪಗಳು ಮೂಡಿವೆ, ಇನ್ನೂ ಮೂಡುತ್ತಿವೆ ಎಂಬ ಬೆರಗಿನಲ್ಲಿ ಪುಸ್ತಕ ಮುಗಿಸುತ್ತಾನೆ. ಮೊದಲ ಮುದ್ರಣದ ಈ ವಾಕ್ಯದಲ್ಲಿ ದೇವರ ಹೆಸರಿರಲಿಲ್ಲ. 1860ರ ಎರಡನೆಯ ಮುದ್ರಣದಲ್ಲಿ ಸೃಷ್ಟಿಕರ್ತನೂ ಬಂದು ಸೇರಿದ. ಡಾರ್ವಿನ್ನನಿಗೂ ಸುತ್ತಲ ಜನರ ಜೊತೆ ಬಾಳಬೇಕಿತ್ತಲ್ಲ! ಇದೇ ವಾಕ್ಯದಿಂದ ಹೆಸರು ಎತ್ತಿಕೊಂಡವರಲ್ಲಿ ನೈಟ್‌ವಿಶ್ ಮೊದಲಿನವರೇನಲ್ಲ. ಭ್ರೂಣದ ಬೆಳವಣಿಗೆಗೂ ವಿಕಾಸಕ್ಕೂ ಇರುವ ನಂಟಿನ ಬಗ್ಗೆ ಅಮೆರಿಕದ ಶಾನ್ ಕ್ಯಾರೊಲ್ 2005ರಲ್ಲಿ ಬರೆದ ಪುಸ್ತಕಕ್ಕೂ ಇದೇ ಹೆಸರು.

ಮೊದಲ ಹಾಡು ‘ಶಡರ್ ಬಿಫೋರ್ ದ ಬ್ಯೂಟಿಫುಲ್’. ಚೆಲುವಿನ ಎದುರು ಮೈ ನಡುಗುವ ಈ ಅನುಭವದ ಮಾತು ಪ್ಲೇಟೊನಷ್ಟು ಹಳೆಯದು. ಅದಕ್ಕೆ ಹೊಸ ಜೀವ ಕೊಟ್ಟವರಲ್ಲಿ ಒಬ್ಬರು ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ. ಐನ್‌ಸ್ಟೈನ್ ಸಮೀಕರಣಕ್ಕೆ ರಾಯ್ ಕೆರ್ ಎಂಬ ನ್ಯೂಜಿಲೆಂಡಿನ ಗಣಿತಜ್ಞ 1963ರಲ್ಲಿ ಕಂಡುಕೊಂಡ ಪರಿಹಾರವೊಂದು ವಿಶ್ವದಲ್ಲಿ ಅಲೆಯುತ್ತಿರುವ ಅಸಂಖ್ಯ ಕಪ್ಪುಕುಳಿಗಳಿಗೆ ಅಕ್ಷರಶಃ ಹೊಂದುತ್ತದೆ ಎಂದು ಅರಿವಾದಾಗ ತಮಗಾದ ಅನುಭವವನ್ನು ಚಂದ್ರಶೇಖರ್ 1975ರ ಶಿಕಾಗೊ ಉಪನ್ಯಾಸದಲ್ಲಿ ಇದೇ ಮಾತಿನಲ್ಲಿ ಹೇಳಿಕೊಂಡಿದ್ದರು. ಕಾಗದದ ಮೇಲೆ ಚೆಲುವನ್ನು ಅರಸಿ ಹೊರಟವನಿಗೆ ಸಿಕ್ಕಿದ್ದು ಆಕಾಶದಲ್ಲಿ ನಿಜವಾಗಿಯೂ ಇತ್ತು ಎಂಬ ಬೆರಗು ಅದು. ಡಾಕಿನ್ಸ್ ತಮ್ಮ ‘ಅನ್‌ವೀವಿಂಗ್ ದ ರೇನ್‌ಬೋ’ದಲ್ಲಿ ಚಂದ್ರಶೇಖರರ ಆ ಮಾತನ್ನು ಉದ್ಧರಿಸಿ ಮೆಚ್ಚಿದ್ದಾರೆ. ಡಾಕಿನ್ಸ್ ಬರಹಗಳನ್ನು ಮನಸ್ಸಿಟ್ಟು ಓದಿದ ತುಓಮಸ್ ನೇರ ಡಾಕಿನ್ಸ್‌ಗೇ ಪತ್ರ ಬರೆದು, ಆಲ್ಬಮ್ಮಿಗೆ ದನಿ ಕೊಡುವಿರಾ ಎಂದು ಕೇಳಿದರು. ಅವರು ಒಪ್ಪಿದರು.

ಎಲ್ಲ ಹಾಡುಗಳೂ ವಿಕಾಸದ ಬಗ್ಗೆ ಇಲ್ಲ. ‘ಮೈ ವಾಲ್ಡನ್’ ಹೆನ್ರಿ ಥೋರೊ 1854ರಲ್ಲಿ ಪ್ರಕಟಿಸಿದ ‘ವಾಲ್ಡನ್’ ಪುಸ್ತಕಕ್ಕೆ ಸಲ್ಲಿಸಿದ ನಮಸ್ಕಾರ. ಕೆರೆಯ ದಡದ ಗುಡಿಸಲಿನಲ್ಲಿ ಕೂತು ಭಗವದ್ಗೀತೆ ಓದುತ್ತಿದ್ದ ಮನುಷ್ಯ ಥೋರೊ. ಕಾಡು-ಕೆರೆಗಳ ನಡುವೆಯೇ ಬೆಳೆದ ಕಿತೆಯ ಹುಡುಗನಿಗೆ ಆತ ಆಪ್ತನಾದದ್ದು ಆಶ್ಚರ್ಯವಲ್ಲ. ಈ ಹಾಡಿನಲ್ಲಿ ಟ್ರಾಯ್ ಡಾನಕ್ಲಿ ನುಡಿಸುವ ಐರಿಷ್ ಬ್ಯಾಗ್‌ಪೈಪಿದೆ. ಬಾಯಿಂದ ಊದದೆ, ಮೊಣಕೈ ಕೆಳಗಿನ ತಿದಿ ಒತ್ತಿ ಗಾಳಿ ತುಂಬುವ ವಾದ್ಯ. ಅದರ ಸ್ವರ ಹಸಿಮಣ್ಣಿನ ವಾಸನೆ ತರುತ್ತದೆ. 2007ರಿಂದ ಅತಿಥಿಯಾಗಿ ಬಂದು ಹೋಗುತ್ತಿದ್ದ ಟ್ರಾಯ್ ಈ ಆಲ್ಬಮ್ಮಿಗೆ ಬ್ಯಾಂಡಿನ ಪೂರ್ಣ ಸದಸ್ಯರಾದರು. ಇಡೀ ಆಲ್ಬಂ ಉಸಿರಾಡುವುದು ಇವರಿದ್ದ ಕಡೆಗಳಲ್ಲೇ.

‘ದಿ ಐಸ್ ಆಫ್ ಶರ್ಬತ್ ಗುಲಾ’ಕ್ಕೆ ಸಾಹಿತ್ಯವಿಲ್ಲ, ವಾದ್ಯಗಳ ಜೊತೆ ಮಕ್ಕಳ ಕೋರಸ್ಸಿನ ದನಿಯಷ್ಟೆ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಆಫ್ಘನ್ ಹುಡುಗಿಯ ಚಿತ್ರ ಯಾರಿಗೆ ನೆನಪಿಲ್ಲ? 1985ರ ಜೂನ್ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟದಿಂದ ಜಗತ್ತನ್ನೆಲ್ಲ ನೋಡಿದ ಆ ಹಸಿರು ಕಣ್ಣಿನವಳ ಹೆಸರು ಲೋಕಕ್ಕೆ ಗೊತ್ತಾಗಲು 2002 ಬರಬೇಕಾಯಿತು. ಆಲ್ಬಂ ಬಂದ ಮರುವರ್ಷ, ನಕಲಿ ಗುರುತಿನ ಚೀಟಿಯ ಆರೋಪದ ಮೇಲೆ ಪಾಕಿಸ್ತಾನದಲ್ಲಿ ಆಕೆಯ ಬಂಧನವಾಯಿತು. ಅಲ್ಲಿಂದ ಆಫ್ಘಾನಿಸ್ತಾನಕ್ಕೆ, ತಾಲಿಬಾನ್ ಮರಳಿದ ಮೇಲೆ 2021ರಲ್ಲಿ ಇಟಲಿಗೆ. ನಿರಾಶ್ರಿತರ ಹಾಡಿಗೆ ಮಾತು ಬೇಡ ಎಂದ ತುಓಮಸ್ ತೀರ್ಮಾನ ಸರಿಯಾದದ್ದೇ.

ಸೋಲುಗಳೂ ಇವೆ. ಮತಾಂಧತೆಯನ್ನು ಝಾಡಿಸುವ ‘ವೀಕ್ ಫ್ಯಾಂಟಸಿ’ ಸಂಗೀತವಾಗಿ ಬಿರುಸಾಗಿದೆ, ಮಾತಿನಲ್ಲಿ ಭಾಷಣವಾಗಿದೆ. ದೇವರನ್ನು ಬಯ್ಯುವ ಹಾಡು ದೇವರನ್ನು ಹೊಗಳುವ ಹಾಡಿನಷ್ಟೇ ಬೇಗ ಬೇಸರ ತರಿಸಬಲ್ಲದು. ನಡುವಿನ ಎರಡು ಮೂರು ಹಾಡುಗಳು ಹಳೆಯ ನೈಟ್‌ವಿಶ್‌ನ ನೆರಳಿನಲ್ಲೇ ಸುಳಿದಾಡುತ್ತವೆ. ದೊಡ್ಡ ದೂರು ಬೇರೆಯೇ ಇದೆ. ಫ್ಲೋರ್ ಒಪೆರಾ ಹಾಡಬಲ್ಲರು, ಪಿಸುಗುಟ್ಟಬಲ್ಲರು, ಗಂಟಲು ಹರಿಯುವಂತೆ ಗರ್ಜಿಸಬಲ್ಲರು. ಇಲ್ಲಿ ಬಹುಪಾಲು ಅವರಿಗೆ ಸಿಕ್ಕಿರುವುದು ಮಧ್ಯಮ ಎತ್ತರದ ಸರಳ ಸಾಲುಗಳು. ಅದೇ ಹಾಡುಗಳನ್ನು ಅವರು ವೇದಿಕೆಯಲ್ಲಿ ಹಾಡುವುದನ್ನು ಕೇಳಿದವರಿಗೆ ಸ್ಟುಡಿಯೊದಲ್ಲಿ ಎಷ್ಟು ಕಟ್ಟಿಹಾಕಿದ್ದರು ಎಂದು ತಿಳಿಯುತ್ತದೆ. ಡ್ರಮ್ಸಿನದೂ ಒಂದು ಕಥೆ. ತೀವ್ರ ನಿದ್ರಾಹೀನತೆಯಿಂದ ಯುಕ್ಕಾ ನೆವಾಲೈನೆನ್ ಹಿಂದೆ ಸರಿದು, ಅವರ ಸ್ನೇಹಿತ ಕಾಯ್ ಹಾಹ್ತೊ ಆ ಜಾಗದಲ್ಲಿ ಕೂತರು. ತಾತ್ಕಾಲಿಕ ಎಂದುಕೊಂಡದ್ದು 2019ರಲ್ಲಿ ಕಾಯಂ ಆಯಿತು.

ಇಷ್ಟೆಲ್ಲ ಏರುಪೇರುಗಳನ್ನು ಕ್ಷಮಿಸುವಂತೆ ಮಾಡುವುದು ಕೊನೆಯ ಹಾಡು, ‘ದ ಗ್ರೇಟೆಸ್ಟ್ ಶೋ ಆನ್ ಅರ್ತ್’. ಡಾಕಿನ್ಸ್ 2009ರಲ್ಲಿ ಬರೆದ ಪುಸ್ತಕದ ಹೆಸರನ್ನೇ ಹೊತ್ತ ಈ ಹಾಡಿನ ಉದ್ದ 24 ನಿಮಿಷ, ಭಾಗಗಳು ಐದು. ಮೊದಲ ಭಾಗಕ್ಕೆ ‘ಫೋರ್ ಪಾಯಿಂಟ್ ಸಿಕ್ಸ್’ ಎಂದು ಹೆಸರು. ಭೂಮಿಯ ವಯಸ್ಸಾದ 460 ಕೋಟಿ ವರ್ಷವೇ ಅದು. ಒಂಟಿ ಪಿಯಾನೊ ತಡವರಿಸುತ್ತ ಶುರುವಾಗಿ, ಪಿಟೀಲುಗಳು ಏಳುತ್ತವೆ, ಫ್ಲೋರ್ ಈ ಆಲ್ಬಮ್ಮಿನಲ್ಲಿ ಅಪರೂಪಕ್ಕೆ ತಮ್ಮ ಶಾಸ್ತ್ರೀಯ ಕಂಠ ಬಿಚ್ಚುತ್ತಾರೆ. ಎರಡನೆಯ ಭಾಗದಲ್ಲಿ ಜೀವ ಹುಟ್ಟುತ್ತದೆ. ಇಂದಿನ ಎಲ್ಲ ಜೀವಿಗಳ ಕೊನೆಯ ಸಮಾನ ಪೂರ್ವಜನಾದ, ವಿಜ್ಞಾನಿಗಳು ಲೂಕಾ ಎಂದು ಕರೆಯುವ ಆ ಕಾಣದ ಕೋಶ ಇಲ್ಲಿ ನಾಟಕದ ಪಾತ್ರದಂತೆ ರಂಗಪ್ರವೇಶ ಮಾಡುತ್ತದೆ. ಮೂರನೆಯ ಭಾಗ ‘ದ ಟೂಲ್‌ಮೇಕರ್’. ಉಪಕರಣ ಹಿಡಿದ ಪ್ರಾಣಿ, ಅಂದರೆ ನಾವು. ಕಾಡಿನ ಪ್ರಾಣಿಗಳ ಕೂಗು, ಆದಿಮ ನಗಾರಿ, ಮನುಷ್ಯರ ಬೊಬ್ಬೆ, ನಡುವೆ ಪ್ರಾಚೀನ ಗ್ರೀಸಿನ ಅಯೋನಿಯಾದಲ್ಲಿ ಕಣ್ಣು ಬಿಟ್ಟ ವಿಚಾರ. ನಾವು ಇಲ್ಲಿದ್ದೆವು ಎಂದು ಇಡೀ ಬ್ಯಾಂಡ್ ಎದೆ ಬಡಿದುಕೊಂಡು ಸಾರುತ್ತದೆ. ಆಮೇಲಿನ ಎರಡು ಭಾಗಗಳಲ್ಲಿ ಅಬ್ಬರ ಇಳಿದು ಡಾಕಿನ್ಸ್ ದನಿ, ಸಮುದ್ರದ ಸದ್ದು.

ಇಲ್ಲೊಂದು ಲೆಕ್ಕ ಹಾಕಿ ನೋಡಿ. 460 ಕೋಟಿ ವರ್ಷವನ್ನು 24 ನಿಮಿಷಕ್ಕೆ ಹಂಚಿದರೆ ಹಾಡಿನ ಒಂದು ಸೆಕೆಂಡಿಗೆ ಸುಮಾರು 32 ಲಕ್ಷ ವರ್ಷ ಬೀಳುತ್ತದೆ. ಆ ಪ್ರಮಾಣದಲ್ಲೇ ಹಾಡು ಕಟ್ಟಿದ್ದರೆ, ಸುಮಾರು 350 ಕೋಟಿ ವರ್ಷ ಹಿಂದಿನ ಜೀವದ ಕುರುಹು ಬರಲು ಆರನೆಯ ನಿಮಿಷವಾಗಬೇಕು. ಅಲ್ಲಿಂದ ಹದಿನೈದು ನಿಮಿಷ ಬಹುಪಾಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದ್ದೇ ರಾಜ್ಯ. ಕ್ಯಾಂಬ್ರಿಯನ್ ಯುಗದ ಪ್ರಾಣಿಗಳ ಜಾತ್ರೆ ನೆರೆಯುವುದು ಕೊನೆಯ ಮೂರು ನಿಮಿಷದಲ್ಲಿ. ಡೈನೊಸಾರ್‌ಗಳು ಅಳಿಯುವುದು ಮುಗಿಯಲು ಇನ್ನು ಇಪ್ಪತ್ತೊಂದು ಸೆಕೆಂಡು ಇದೆ ಎನ್ನುವಾಗ. ಮೂರು ಲಕ್ಷ ವರ್ಷದ ಇತಿಹಾಸವಿರುವ ನಮ್ಮ ಜಾತಿಯ ಪಾಲಿಗೆ ಬರುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಕಾಯ್ ಹಾಹ್ತೊ ಜೋಡಿ ಪೆಡಲ್ ತುಳಿಯುವ ವೇಗದಲ್ಲಿ ಅದು ಡ್ರಮ್ಮಿನ ಒಂದು ಏಟು.

ತುಓಮಸ್ ಈ ಪ್ರಮಾಣವನ್ನು ಪಾಲಿಸಿಲ್ಲ, ಮನುಷ್ಯನಿಗೆ ಧಾರಾಳವಾಗಿ ನಿಮಿಷಗಟ್ಟಲೆ ಕೊಟ್ಟಿದ್ದಾರೆ. ವಿಜ್ಞಾನದ ತಕ್ಕಡಿಯಲ್ಲಿ ಇದು ಪಕ್ಷಪಾತ. ಆದರೆ ಆ ಎದೆ ಬಡಿದುಕೊಳ್ಳುವಿಕೆಯ ಬೆನ್ನಿಗೇ ಅಲೆಗಳ ಸದ್ದನ್ನು ಇಟ್ಟಿರುವುದರಿಂದ, ಅಹಂಕಾರವೂ ಅದರ ಗಾತ್ರವೂ ಒಟ್ಟಿಗೇ ಕೇಳಿಸುತ್ತವೆ. ಈ ಸಂಗೀತದ ಅತಿರೇಕ, ಎಲ್ಲವನ್ನೂ ದೊಡ್ಡದು ಮಾಡುವ ಚಟ, ನೂರು ಜನ ಒಟ್ಟಿಗೆ ಕೂಗುವ ಹುಚ್ಚು ಇವೆಲ್ಲ ಒಂದು ಡ್ರ್ಯಾಗನ್ ಕಥೆಗೆ ಬಳಕೆಯಾದಾಗ ನಗು ತರಿಸುತ್ತವೆ. ನೂರಾರು ಕೋಟಿ ವರ್ಷಗಳ ಕಥೆಗೆ ಬಳಕೆಯಾದಾಗ ಆ ಸದ್ದೂ ಸಾಲದೇನೋ ಅನ್ನಿಸುತ್ತದೆ. ಡಾಕಿನ್ಸ್ ಆಯ್ಕೆ ಸರಿಹೊಂದಿದ್ದೂ ಇದೇ ಕಾರಣಕ್ಕೆ. ಅವರು ನಟಿಸುವುದಿಲ್ಲ, ದನಿ ಏರಿಸುವುದಿಲ್ಲ. ಸುತ್ತ ಅಷ್ಟೊಂದು ಗದ್ದಲವಿರುವಾಗ ಒಬ್ಬರಾದರೂ ಶಾಂತವಾಗಿರಬೇಕಿತ್ತು.

2015ರ ಡಿಸೆಂಬರ್ 19ರಂದು ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಈ ಹಾಡು ನುಡಿಸುವಾಗ ಡಾಕಿನ್ಸ್ ಖುದ್ದಾಗಿ ವೇದಿಕೆಗೆ ಬಂದು ತಮ್ಮ ಭಾಗ ಹೇಳಿದರು. ಕಪ್ಪು ಟೀ ಶರ್ಟಿನ ಸಾವಿರಾರು ಮಂದಿ ಜೀವವಿಜ್ಞಾನಿಯೊಬ್ಬರಿಗೆ ರಾಕ್ ತಾರೆಗೆ ಕೂಗುವಂತೆ ಕೂಗಿದರು. ಆ ಕಛೇರಿ ಮರುವರ್ಷ ‘ವೆಹಿಕಲ್ ಆಫ್ ಸ್ಪಿರಿಟ್’ ಎಂಬ ವಿಡಿಯೊ ಆಗಿ ಬಂತು. ಹೊಸಬರು ಈ ಆಲ್ಬಂ ಕೇಳುವುದಾದರೆ ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಗಿಟಾರಿನ ಕರಕರ ಆಗದವರಿಗೂ ದಾರಿಯಿದೆ. ಆಲ್ಬಮ್ಮಿನ ವಿಶೇಷ ಆವೃತ್ತಿಯಲ್ಲಿ ಬರೀ ವಾದ್ಯವೃಂದದ ಮುದ್ರಣವನ್ನು ಬೇರೆಯಾಗಿ ಕೊಟ್ಟಿದ್ದಾರೆ. ಬ್ಯಾಂಡಿನ ಗದ್ದಲದಲ್ಲಿ ಮುಚ್ಚಿಹೋದ ಚೆಲ್ಲೊ, ವಿಯೋಲಾಗಳು ಅಲ್ಲಿ ಕೇಳಿಸುತ್ತವೆ.

ಜೀವವಿಜ್ಞಾನವೂ ಋಣ ತೀರಿಸಿದೆ. ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಶ್ರೀಲಂಕಾದಲ್ಲೂ ಇರುವ ಸಿಹಿನೀರಿನ ಪುಟ್ಟ ಮೀನುಗಳ ಒಂದು ಕುಲಕ್ಕೆ 2012ರಿಂದ ‘ಡಾಕಿನ್ಸಿಯಾ’ ಎಂದು ಹೆಸರಿದೆ. 2017ರಲ್ಲಿ ಫಿನ್ಲೆಂಡಿನ ಕೀಟತಜ್ಞ ಯುಕ್ಕಾ ಸಾಲ್ಮೆಲಾ ಅಣಬೆಗಳ ಮೇಲೆ ಬದುಕುವ ನೊಣಗಳ ಗುಂಪಿನಲ್ಲಿ ಹೊಸ ಪ್ರಭೇದವೊಂದನ್ನು ವಿವರಿಸಿದರು. ತುಓಮಸ್ ಹೊಲೊಪೈನೆನ್ ಗೌರವಾರ್ಥ ಅದರ ಹೆಸರು ‘ಸಿಯೊಫೈಲಾ ಹೊಲೊಪೈನೆನಿ’.